ಎರಡು ಗಂಟೆಯ ಬೆಂಕಿ

ಮಧ್ಯಾಹ್ನ ಮೂರು ದಾಟಿತೆಂದರೆ ಹರ್ಲಿನಾ ಕೈಯಲ್ಲಿದ್ದ ಕೆಲಸವನ್ನು ಅಲ್ಲೇ ಬಿಟ್ಟು ಚರ್ಚಿನ ಮೆಟ್ಟಿಲಿಗೆ ಬಂದು ಕೂರುತ್ತಿದ್ದಳು. ಭಕ್ತಿಯೇನೂ ಅಲ್ಲ. ಕಹಾಯನ್ ಹೊಳೆಯ ದಂಡೆಯ ಆ ಊರಿನಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಚರ್ಚಿನ ನಾಲ್ಕನೇ ಮೆಟ್ಟಿಲಿನಲ್ಲಿ ಮಾತ್ರ. ಮೂರನೆಯದರಲ್ಲಿ ಕೂತರೆ ಇಲ್ಲ, ಐದನೆಯದರಲ್ಲಿ ಕೂತರೂ ಇಲ್ಲ. ಪಾದ್ರಿಗಳಿಗೆ ಮೊದಮೊದಲು ಇದು ಕಿರಿಕಿರಿಯಾಗಿತ್ತು. ಆಮೇಲೆ ಅವರೂ ಅದೇ ಮೆಟ್ಟಿಲಿಗೆ ಬಂದು ಮಗಳಿಗೆ ಫೋನು ಮಾಡತೊಡಗಿದರು.

ಅವಳು ಕಾಯುತ್ತಿದ್ದದ್ದು ಒಂದು ಪಟ್ಟಿಗೆ. ಆ ಪಟ್ಟಿಯಲ್ಲಿ ಊರಿನ ಹೆಸರಿಲ್ಲ, ಮನುಷ್ಯರ ಹೆಸರಿಲ್ಲ, ಬರೀ ಅಂಕಿ. ಮೇಲೆ ಹಾದುಹೋಗುವ ಉಪಗ್ರಹಕ್ಕೆ ನೆಲದಲ್ಲಿ ಎಲ್ಲೆಲ್ಲಿ ಬೆಂಕಿಯ ಬಿಸಿ ಕಂಡಿತೋ ಆ ಜಾಗಗಳ ಅಂಕಿ. ನಕ್ಷೆಯ ಮೇಲೆ ಇಟ್ಟರೆ ಒಂದೊಂದೂ ಒಂದು ಕೆಂಪು ಚುಕ್ಕೆ. ಆ ಚುಕ್ಕೆ ಯಾರ ಜಮೀನಿನ ಮೇಲೆ ಬಿದ್ದಿದೆ ಎಂದು ಕಂಡುಹಿಡಿದು, ಎಂಟು ಜನರ ಬೆಂಕಿ ಕಾವಲು ಪಡೆಯನ್ನು ದೋಣಿಯಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೋಗಿ, ನೋಡಿದ್ದನ್ನು ಬರೆದು ಸಹಿ ಹಾಕುವುದು ಹರ್ಲಿನಾಳ ಕೆಲಸ. ಒಂದು ಚುಕ್ಕೆ ಬಿದ್ದರೆ ಊರಿನಲ್ಲಿ ಒಂದು ಮನೆಗೆ ಆ ದಿನ ಅನ್ನ ಇಳಿಯುತ್ತಿರಲಿಲ್ಲ. ಬೇಸಾಯಕ್ಕಾಗಿ ನೆಲಕ್ಕೆ ಬೆಂಕಿ ಇಡುವುದನ್ನು ಸರ್ಕಾರ ನಿಲ್ಲಿಸಿತ್ತು. ಇಟ್ಟವನಿಗೆ ಜೈಲು.

ನಲವತ್ತಾರರ ಹೆಂಗಸು. ಓದಿದ್ದು ಎಂಟನೇ ಕ್ಲಾಸು. ಹದಿನೈದನೇ ವಯಸ್ಸಿನಿಂದ ರಬ್ಬರ್ ಮರಗಳ ಹಾಲು ಇಳಿಸುತ್ತಿದ್ದವಳು. ಗಂಡ ಮರ ಸಾಗಿಸುವ ದೋಣಿಯ ಜೊತೆ ಬಂಜರ್‌ಮಾಸಿನ್ ಪಟ್ಟಣಕ್ಕೆ ಹೋದವನು ಮೊದಲು ವರ್ಷಕ್ಕೆ ಎರಡು ಸಲ ಬರುತ್ತಿದ್ದ, ಆಮೇಲೆ ಒಂದು ಸಲ, ಆಮೇಲೆ ಇಲ್ಲ. ಯಾರಾದರೂ ಕೆಣಕಿದರೆ, "ಗಂಡನ್ನ ಹಿಡಿಯೋದಕ್ಕಿಂತ ಹೊಗೆ ಹಿಡಿಯೋದು ಸುಲಭ ಕಣ್ರೀ" ಎಂದು ನಕ್ಕುಬಿಡುತ್ತಿದ್ದಳು. ಪಲಂಕರಾಯದಲ್ಲಿ ನಾಲ್ಕು ದಿನದ ತರಬೇತಿಗೆ ಊರಿನಿಂದ ಯಾರನ್ನು ಕಳಿಸುವುದು ಎಂದಾಗ ಗಂಡಸರಿಗೆಲ್ಲ ಮೀನಿನ ಕಾಲ. ಹಾಗಾಗಿ ಇವಳು ಹೋದಳು. ನಾಲ್ಕು ದಿನದಲ್ಲಿ ಅಲ್ಲಿನ ಮೇಷ್ಟ್ರು ಹೇಳಿದ್ದಕ್ಕಿಂತ ಹೆಚ್ಚು ಕಲಿತು ಬಂದಳು. ಚುಕ್ಕೆ ಒಂದು ತರಹದ ಉಪಗ್ರಹದ್ದು, ಹೊಗೆಯ ಚಿತ್ರ ಇನ್ನೊಂದರದ್ದು. ಚುಕ್ಕೆಯದ್ದು ದಿನಕ್ಕೆ ಎರಡು ಸಲ ತಲೆಯ ಮೇಲೆ ಹಾದುಹೋಗುತ್ತದೆ. ಚಿತ್ರದ್ದು ದೂರದಲ್ಲಿ ಒಂದೇ ಕಡೆ ನಿಂತು ಹತ್ತು ಹತ್ತು ನಿಮಿಷಕ್ಕೆ ಒಂದು ಚಿತ್ರ ತೆಗೆಯುತ್ತಲೇ ಇರುತ್ತದೆ. ಬೇಕಾದವರು ಆ ಚಿತ್ರಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸುತ್ತ ಹೋಗಿ, ಹೊಗೆ ಹುಟ್ಟಿದ ಗಳಿಗೆಯನ್ನು ನೋಡಬಹುದು. ಬೇಕಾದವರು ಕಡಿಮೆ, ಅಷ್ಟೆ.

ಆ ಸೆಪ್ಟೆಂಬರಿನ ಮೊದಲ ಮಂಗಳವಾರ ಪಟ್ಟಿ ತಡವಾಗಿ ಬಂತು. ನಾಲ್ಕು ಗಂಟೆಗೆ. ಒಂದೇ ಚುಕ್ಕೆ. ಎರಡೂ ಇಪ್ಪತ್ತಕ್ಕೆ ಕಂಡದ್ದು. ಸಾಂಗುಲಾಂಗ್ ಕಾಲುವೆಯ ಪಡುವಣ ಬದಿ, ಕಂಬಾಂಗ್ ಅಜ್ಜಿಯ ಜಮೀನಿನ ನಟ್ಟನಡುವೆ.

ಆ ಕಡೆ ಅಜ್ಜಿಯನ್ನು ತಂಬಿ ಅನ್ನುತ್ತಾರೆ. ಊರಿಗೆಲ್ಲ ಅವಳು ತಂಬಿ ಕಂಬಾಂಗ್. ಎಪ್ಪತ್ತನಾಲ್ಕು ವರ್ಷ, ಬಾಯಿ ತುಂಬ ಎಲೆ ಅಡಿಕೆ, ಮೈಯೆಲ್ಲ ಹಟ. ಹರ್ಲಿನಾಳಿಗೆ ನಂಬಲಾಗಲಿಲ್ಲ. ಆದರೆ ಅಂಕಿ ಅಂಕಿಯೇ. ಅವಳು ಪಡೆಯನ್ನು ಕೂಗಿದಳು. ಎಲ್ಲರಿಗಿಂತ ಮೊದಲು ದೋಣಿಗೆ ಬಂದವನು ಅವಳ ತಮ್ಮ ದೆಹೆನ್. ಪಂಪು ಓಡಿಸುವವನು ಅವನೇ. ಕೂಗುವುದಕ್ಕೆ ಮೊದಲೇ ಪಂಪಿಗೆ ಎಣ್ಣೆ ತುಂಬಿ ನಿಂತಿದ್ದ. "ಇವನನ್ನ ನೋಡಿ ಕಲೀರೋ" ಎಂದು ಅವಳು ಉಳಿದವರನ್ನು ಗದರಿಸಿದಳು.

ತಲುಪಿದಾಗ ಐದು. ಅಲ್ಲಿನ ಸೆಪ್ಟೆಂಬರಿನ ಬೇಸಿಗೆಗೆ ಕಾಲುವೆ ಬತ್ತಿ ಕೆಸರಾಗಿತ್ತು. ಎರಡೂ ಬದಿ ಸುಟ್ಟಿತ್ತು. ಮೂಡಣ ಬದಿಯಲ್ಲಿ ಆಗಲೇ ಕಪ್ಪು, ಪಡುವಣದಲ್ಲಿ ಆಳೆತ್ತರದ ಉರಿ. ಅಲ್ಲಿಯ ನೆಲ ನಮ್ಮ ನಿಮ್ಮ ಮಣ್ಣಲ್ಲ. ಸಾವಿರಾರು ವರ್ಷದ ಎಲೆ, ಬೇರು, ಕಾಂಡ ಕೊಳೆತು ಕೂತ ಕಪ್ಪು ನೆಲ. ಮೇಲಿನ ಉರಿ ಆರಿಸಿದರೂ ಕಿಡಿ ಒಳಗೆ ಇಳಿಯಿತೆಂದರೆ ನೆಲವೇ ಉರಿಯುತ್ತದೆ, ಬೇರಿನಿಂದ ಬೇರಿಗೆ ಹರಿದು ನೂರು ಮಾರು ಆಚೆ ಎದ್ದು ಬರುತ್ತದೆ. ಅವತ್ತು ಕಿಡಿ ಒಳಗೆ ಇಳಿದೇಬಿಟ್ಟಿತು. ಹನ್ನೆರಡು ದಿನ ಪಡೆಯವರು ಪಾಳಿಯ ಮೇಲೆ ನೀರು ಹಾಯಿಸಿದರು. ಹನ್ನೆರಡು ದಿನ ಊರು ಹೊಗೆಯಲ್ಲಿ ಮುಳುಗಿತು. ಶಾಲೆ ಮುಚ್ಚಿತು. ಹೊಳೆಯ ಆಚೆ ದಂಡೆ ಕಾಣಲಿಲ್ಲ. ಮಕ್ಕಳ ಕೆಮ್ಮು ಮನೆ ಮನೆಯಿಂದ ಕೇಳುತ್ತಿತ್ತು, ಒಂದು ನಿಂತರೆ ಇನ್ನೊಂದು.

ಹನ್ನೊಂದನೇ ದಿನ ಜಿಲ್ಲಾ ಕಚೇರಿಯಿಂದ ಕಾಗದ ಬಂತು. ನಾಳೆ ಅಧಿಕಾರಿ ಬರುತ್ತಾರೆ, ಸ್ಥಳ ನೋಡುತ್ತಾರೆ, ಯಾರೂ ಕಾಲಿಡದಂತೆ ಜಮೀನಿನ ಸುತ್ತ ಪಟ್ಟಿ ಕಟ್ಟುತ್ತಾರೆ, ಕಂಬಾಂಗ್ ಎಂಬವರನ್ನು ವಿಚಾರಣೆಗೆ ಕರೆದೊಯ್ಯುತ್ತಾರೆ, ಪಡೆಯ ಪರವಾಗಿ ಹರ್ಲಿನಾ ಸಹಿ ಹಾಕತಕ್ಕದ್ದು.

ತಂಬಿ ಆ ಕಾಗದವನ್ನು ಕೈಯಲ್ಲಿ ಮುದುರಿ ಹಿಡಿದು ಕಂಬಗಳ ಮೇಲೆ ನಿಂತ ಹರ್ಲಿನಾಳ ಮನೆಯ ಏಣಿ ಹತ್ತಿ ಬಂದಳು. ಹೆದರಿದ್ದಳೆಂದು ಯಾರಾದರೂ ಅಂದುಕೊಂಡರೆ ತಪ್ಪು. ಅವಳಿಗೆ ಕೋಪ ನೆತ್ತಿಗೇರಿತ್ತು.

"ಏನೇ, ಹುಡುಗಿ, ನಾನು ಬೆಂಕಿ ಇಟ್ಟೆನಂತೆ!"

"ನಾನು ಹೇಳಿಲ್ಲ ತಂಬಿ. ಚುಕ್ಕೆ ಬಿದ್ದಿದೆ."

"ಚುಕ್ಕೆ ಬೀಳಲಿ, ಚಂದ್ರ ಬೀಳಲಿ. ಇಟ್ಟೆ ಅಂದ್ರೂ ಹೋಗ್ಲಿ ಅಂತಿದ್ದೆ. ಇಟ್ಟ ಬೆಂಕಿ ಕೈ ತಪ್ಪಿ ಹೋಯ್ತು ಅಂತಾರಲ್ಲೇ! ನನ್ನ ಬೆಂಕಿ! ನಿಂಗೆ ಗೊತ್ತಿಲ್ವಾ? ಐವತ್ತು ಬೆಳೆ ತೆಗೆದಿದ್ದೀನಿ. ಸುತ್ತ ಮೂರು ಮಾರು ಬಯಲು ಕೆತ್ತಿ, ಊರಿನ ಹನ್ನೆರಡು ಜನಾನ ಸುತ್ತ ನಿಲ್ಲಿಸಿ, ಸಂಜೆ ತಂಪಾದ ಮೇಲೆ ಗಾಳಿಗೆ ಎದುರಾಗಿ ಇಡ್ತಿದ್ದೆ. ಬೆಂಕಿ ನನ್ನ ಮಾತು ಕೇಳ್ಕೊಂಡು ನಡು ಮಧ್ಯಕ್ಕೆ ಬಂದು ಮಲಗ್ತಿತ್ತು. ಒಂದು ಸಲ, ಒಂದೇ ಒಂದು ಸಲ ಪಕ್ಕದವರ ಗರಿಕೆ ಸುಟ್ಟಿದ್ರೆ ಹೇಳು, ಈಗಲೇ ಹೊಳೆಗೆ ಬೀಳ್ತೀನಿ. ಇದು ಯಾವನೋ ದರಿದ್ರ ಹಾಡು ಹಗಲು ಎರಡು ಗಂಟೆಗೆ ಇಟ್ಟಿದ್ದು. ಆ ಬಿಸಿಲಲ್ಲಿ ಬೆಂಕಿ ಇಡೋದು ತಲೆ ಕೆಟ್ಟವನು ಮಾತ್ರ."

ಎರಡು ಗಂಟೆ. ಆ ಮಾತು ಹರ್ಲಿನಾಳ ತಲೆಯಲ್ಲಿ ಸಿಕ್ಕಿಹಾಕಿಕೊಂಡಿತು. ತಲೆ ಕೆಟ್ಟವನು ಯಾರೂ ಆ ಊರಿನಲ್ಲಿರಲಿಲ್ಲ. ಹಾಗಾದರೆ ಎರಡು ಗಂಟೆಯೇ ಯಾಕೆ?

ತಂಬಿ ಹೋದ ಮೇಲೆ ಅವಳು ಪಂಚಾಯ್ತಿ ಕಚೇರಿಗೆ ಹೋಗಿ, ಸಂಜೆ ಒಂದೆರಡು ಗಂಟೆ ಮಾತ್ರ ಡಿಶ್ ಇಂಟರ್ನೆಟ್ ಬರುತ್ತಿದ್ದ ಕಂಪ್ಯೂಟರ್ ತೆರೆದಳು. ಆ ಮಂಗಳವಾರದ ಹೊಗೆಯ ಚಿತ್ರಗಳನ್ನು ಸಂಜೆ ಐದರಿಂದ ಹಿಂದಕ್ಕೆ ಸರಿಸತೊಡಗಿದಳು. ಐದಕ್ಕೆ ಬಿಳಿಯ ಅಗಲವಾದ ಬಾಲ. ನಾಲ್ಕಕ್ಕೆ ಸಣ್ಣದು. ಮೂರಕ್ಕೆ ಇನ್ನೂ ಸಣ್ಣದು. ಗಾಳಿ ಆಗ್ನೇಯದಿಂದ, ಹೊಗೆ ವಾಯವ್ಯಕ್ಕೆ ಒರಗಿತ್ತು. ಹೊಗೆಯ ಬಾಲ ಎಷ್ಟು ಅಗಲವಾದರೂ ಹರಡಲಿ, ಅದರ ಮೂತಿ ಮಾತ್ರ ಬೆಂಕಿ ಇದ್ದಲ್ಲೇ ಇರುತ್ತದೆ. ಎರಡೂ ಮೂವತ್ತು. ಎರಡೂ ಇಪ್ಪತ್ತು. ಎರಡೂ ಹತ್ತಕ್ಕೆ ಒಂದು ಕೂದಲೆಳೆ, ಕಂಡೂ ಕಾಣದಂತೆ. ಎರಡಕ್ಕೆ ಏನೂ ಇಲ್ಲ. ಅವಳು ಎರಡೂ ಹತ್ತಕ್ಕೆ ಮರಳಿದಳು. ಹೊಳೆಯ ತಿರುವು, ಕಂಪನಿಯೊಂದರ ಎಣ್ಣೆತಾಳೆ ತೋಟದ ನೇರ ಅಂಚು, ಎರಡನ್ನೂ ಗುರುತು ಹಿಡಿದು ಅಳೆದಳು. ಎಳೆಯ ಮೂತಿ ಕಾಲುವೆಯ ಪಡುವಣದಲ್ಲಿರಲಿಲ್ಲ. ಮೂಡಣದಲ್ಲಿತ್ತು, ಕಾಲುವೆಯಿಂದ ಚಿತ್ರದ ಎರಡು ಪುಟ್ಟ ಚೌಕದಷ್ಟು ಈಚೆ. ಅಲ್ಲಿ ಇದ್ದದ್ದು ಒಬ್ಬನದೇ ಜಮೀನು.

ಚುಕ್ಕೆ ಯಾಕೆ ಸರಿದಿತ್ತೆಂದೂ ಅವಳಿಗೆ ಹೊಳೆಯಿತು. ತರಬೇತಿಯಲ್ಲಿ ಹೇಳಿದ್ದರು. ಉಪಗ್ರಹ ನೆತ್ತಿಯ ಮೇಲೆ ಹೋದರೆ ಚುಕ್ಕೆ ಸರಿಯಾಗಿ ಬೀಳುತ್ತದೆ. ಓರೆಯಾಗಿ ದೂರದಿಂದ ನೋಡಿದರೆ ಅರ್ಧ ಕಿಲೋಮೀಟರ್ ಆಚೀಚೆ. ಅವತ್ತು ನೋಡಿದ್ದು ಓರೆಗಣ್ಣಿನಲ್ಲಿ. ಕಂಪ್ಯೂಟರ್ ಆರಿಸುವುದನ್ನೂ ಮರೆತು ಎದ್ದಳು.

ದೆಹೆನ್ ಮನೆಯ ಮುಂದೆ ಬಲೆ ಸರಿಮಾಡುತ್ತಿದ್ದ. ಹೊಗೆಯಲ್ಲಿ ಸೂರ್ಯ ಮುಳುಗುವ ಮೊದಲೇ ಮಂಕಾಗಿತ್ತು. ಒಳಗೆ ಅವನ ಹೆಂಡತಿ ಬೆತ್ತದ ಚಿಗುರಿನ ಸಾರು ಮಾಡುತ್ತಿದ್ದಳು, ಮೂರು ಮಕ್ಕಳು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಆಡುತ್ತಿದ್ದವು.

"ಎದ್ದೇಳು, ಈಚೆ ಬಾ" ಎಂದಳು ಹರ್ಲಿನಾ.

ಅವಳ ಮುಖ ನೋಡಿಯೇ ಅವನಿಗೆ ಗೊತ್ತಾಯಿತು. ಬಲೆ ಕೆಳಗಿಟ್ಟ. ಹೊಳೆಯಲ್ಲಿ ದೋಣಿ ಕಟ್ಟುವ ಹಲಗೆಯವರೆಗೆ ಇಬ್ಬರೂ ನಡೆದರು.

"ನೀನಾ?"

"ಕಾಲು ಎಕರೆ ಅಕ್ಕಾ. ಬರೀ ಕಾಲು ಎಕರೆ. ಒಂದು ಗಂಟೇಲಿ ಮುಗಿಯುತ್ತೆ ಅಂದ್ಕೊಂಡೆ. ಸುಡದೆ ಆ ನೆಲದಲ್ಲಿ ಏನು ಬೆಳೆಯುತ್ತೆ ಹೇಳು? ಹುಳಿ ನೆಲ. ಟ್ರ್ಯಾಕ್ಟರ್ ಕೊಡ್ತೀವಿ, ಸುಣ್ಣ ಕೊಡ್ತೀವಿ ಅಂದ್ರು. ಟ್ರ್ಯಾಕ್ಟರ್ ಬಂದಿದ್ದು ಫೋಟೋ ತೆಗೆಸ್ಕೊಳ್ಳೋಕೆ. ಎರಡು ವರ್ಷ ಆಯ್ತು ಮನೆ ಭತ್ತ ಕಂಡು."

"ಎರಡು ಗಂಟೆ ಬಿಸಿಲಲ್ಲಿ! ಒಬ್ಬನೇ! ಸುತ್ತ ಕೆತ್ತದೆ!"

"ಕೆತ್ತಿದ್ರೆ ಎಲ್ಲರಿಗೂ ಕಾಣ್ತಿತ್ತು. ಜನಾನ ಕರೆದ್ರೆ ಸುದ್ದಿ ಆಗ್ತಿತ್ತು. ಮತ್ತೆ ಹೊತ್ತು..." ಅವನು ತಲೆ ಎತ್ತಿದ. "ಹೊತ್ತು ನೀನೇ ಹೇಳಿದ್ದಲ್ವಾ ಅಕ್ಕಾ. ನಮ್ಮ ಮನೇಲೇ ಊಟಕ್ಕೆ ಕೂತಾಗ. ಉಪಗ್ರಹ ಒಂದೂವರೆಗೆ ಹಾದು ಹೋಗುತ್ತೆ, ಆಮೇಲೆ ಮಧ್ಯರಾತ್ರಿ ದಾಟೋ ತನಕ ಇತ್ತ ತಲೆ ಹಾಕಲ್ಲ ಅಂತ. ಸಂಜೆ ಇಟ್ಟರೆ ರಾತ್ರಿಗೆ ಕೆಂಡ ಉಳಿದಿರುತ್ತೆ, ಅದಕ್ಕೆ ಕಾಣುತ್ತೆ. ಎರಡಕ್ಕೆ ಇಟ್ಟರೆ ರಾತ್ರಿಗೆ ಪೂರ್ತಿ ತಣ್ಣಗಾಗಿರುತ್ತೆ ಅಂತ ಲೆಕ್ಕ ಹಾಕ್ದೆ."

ಹರ್ಲಿನಾಳಿಗೆ ನೆನಪಾಯಿತು. ಹೇಳಿದ್ದಳು. ಜುಲೈಯಲ್ಲಿ, ಇದೇ ಮನೆಯಲ್ಲಿ, ಸಾರಿನ ಬಟ್ಟಲು ಮುಂದಿಟ್ಟುಕೊಂಡು. ಗಂಡಸರೆಲ್ಲ ಬಾಯಿ ಬಿಟ್ಟು ಕೇಳುತ್ತಿದ್ದಾಗ ಅವಳಿಗೆ ಎಷ್ಟು ಹಿಗ್ಗಾಗಿತ್ತು! ಎಂಟನೇ ಕ್ಲಾಸಿನ ರಬ್ಬರ್ ಕೂಲಿಯವಳು ಆಕಾಶದ ವೇಳಾಪಟ್ಟಿ ಹೇಳುತ್ತಿದ್ದಳು. ಅದೇ ಜಾತಿಯ ಇನ್ನೊಂದು ಉಪಗ್ರಹ ಈಗ ಮೇಲೇರಿದೆ, ಮೊದಲನೆಯದರ ಐವತ್ತು ನಿಮಿಷ ಹಿಂದೆ ಬರುತ್ತದೆ ಎಂಬುದು ಅವಳಿಗೇ ಗೊತ್ತಾದದ್ದು ಆಗಸ್ಟಿನಲ್ಲಿ. ಅದನ್ನು ಊಟದ ಹೊತ್ತಿನಲ್ಲಿ ಯಾರಿಗೂ ಹೇಳಿರಲಿಲ್ಲ. ಯುಗಯುಗದಿಂದ ಸಂಜೆ ತಂಪಿನಲ್ಲಿ ಹನ್ನೆರಡು ಜನರ ನಡುವೆ ಉರಿಯುತ್ತಿದ್ದ ಬೆಂಕಿ ಸುಡುಬಿಸಿಲಿನಲ್ಲಿ ಒಬ್ಬಂಟಿಯ ಕೈಗೆ ಬಂದದ್ದು ಅವಳ ಬಾಯಿಂದ. ಹಲಗೆಯ ಮೇಲೆ ಅವಳು ಕೂತಳು.

"ನಾಳೆ ಬಾಯಿ ಬಿಡಬೇಡ" ಎಂದ ದೆಹೆನ್, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು. "ತಂಬಿಗೆ ವಯಸ್ಸಾಗಿದೆ. ಬೈದು ಬಿಡ್ತಾರೆ, ಜೈಲಿಗೆ ಹಾಕಲ್ಲ. ನಾನಾದ್ರೆ ಬಿಡಲ್ಲ. ಪಡೆಯಲ್ಲಿ ಇದ್ದು ಬೆಂಕಿ ಇಟ್ಟವನು ಅಂತ ಇನ್ನೂ ಜಾಸ್ತಿ ಹಾಕ್ತಾರೆ. ಮಕ್ಕಳ ಮುಖ ನೋಡು ಅಕ್ಕಾ."

"ಮಕ್ಕಳ ಮುಖ!" ಅವಳು ಥಟ್ಟನೆ ಅವನ ಕಡೆ ತಿರುಗಿದಳು. "ನಾಲ್ಕು ವರ್ಷದ ಹಿಂದೆ, ಆ ದೊಡ್ಡ ಹೊಗೇಲಿ, ನಿನ್ನ ಹಸುಗೂಸು ನನ್ನ ತೊಡೆ ಮೇಲೆ ಉಸಿರು ನಿಲ್ಲಿಸ್ತಲ್ಲ. ಆರು ತಿಂಗಳು. ಆ ಹೊಗೆ ಯಾರ ಬೆಂಕೀದು ಅಂತ ಇವತ್ತಿಗೂ ನಿಂಗೆ ಗೊತ್ತಾ?"

ದೆಹೆನ್ ಮುಖ ತಿರುಗಿಸಿದ.

"ಯಾರಿಗೂ ಗೊತ್ತಿಲ್ಲ. ಯಾಕೆ ಗೊತ್ತಿಲ್ಲ? ಎಲ್ಲೋ ಒಬ್ಬಳು ಅಕ್ಕ ಬಾಯಿ ಮುಚ್ಕೊಂಡಿದ್ಲು."

"ಮಗೂನ ಇದಕ್ಕೆ ಎಳೀಬೇಡ" ಎಂದು ಅವನು ಎದ್ದು ಹೋದ. ಹೋಗುವಾಗ ಹಲಗೆಯ ಮೇಲೆ ಎರಡು ಸಲ ಎಡವಿದ.

ಅವಳು ಏನು ಮಾಡುವುದೆಂದು ತೀರ್ಮಾನಿಸಿಕೊಂಡು ಮಲಗಿದಳು ಎಂದು ಬರೆದರೆ ಸುಳ್ಳಾಗುತ್ತದೆ. ಬೆಳಿಗ್ಗೆ ದೋಣಿ ಹತ್ತುವಾಗಲೂ ಅವಳಿಗೆ ಗೊತ್ತಿರಲಿಲ್ಲ.

ಅಧಿಕಾರಿಯ ಹೆಸರು ಗಿಲಾಂಗ್. ಜಾವಾದವನು, ಇಪ್ಪತ್ತೆಂಟರ ಹುಡುಗ, ಹೊಸ ಬೂಟು, ಕಣ್ಣು ಹೊಗೆಗೆ ಕೆಂಪಾಗಿತ್ತು. ಕೆಟ್ಟವನಲ್ಲ. ಹರ್ಲಿನಾಳನ್ನು 'ಇಬು' ಎಂದು ತಾಯಿಯನ್ನು ಕರೆದಂತೆ ಮರ್ಯಾದೆಯಿಂದ ಕರೆಯುತ್ತಿದ್ದ. ಅವನಿಗೆ ಆ ದಿನ ಇನ್ನೂ ಮೂರು ಊರು ಮುಗಿಸಬೇಕಿತ್ತು. ಕಾಲುವೆಯ ಪಡುವಣ ಬದಿಯಲ್ಲಿ ಸುಟ್ಟ ಮರಗಳ ನಡುವೆ ಅವನು ಕೈಯಲ್ಲಿನ ಜಾಗ ತೋರಿಸುವ ಯಂತ್ರವನ್ನೂ ಕಾಗದವನ್ನೂ ಹೊಂದಿಸಿ ನೋಡಿದ.

"ಇಲ್ಲೇ. ಚುಕ್ಕೆ ಇಲ್ಲೇ ಬಿದ್ದಿರೋದು. ಸರಿ ಅಲ್ವಾ ಇಬು?"

"ಚುಕ್ಕೆ ಇಲ್ಲೇ" ಎಂದಳು ಹರ್ಲಿನಾ. ಅದು ಸುಳ್ಳಲ್ಲ. ಅಲ್ಲಿಗೇ ನಿಲ್ಲಿಸಿದರೂ ಸಾಕಾಗಿತ್ತು. ಹತ್ತು ಹೆಜ್ಜೆ ಹಿಂದೆ ದೆಹೆನ್ ನೀರಿನ ಕೊಳವೆ ಸುತ್ತುತ್ತಿದ್ದ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ.

ತಂಬಿ ಕಂಬಾಂಗ್ ಬೆತ್ತದ ಟೋಪಿ ಹಾಕಿಕೊಂಡು ಜೊತೆಗೇ ಬಂದಿದ್ದಳು. ಬರಬೇಡ ಎಂದರೆ ಕೇಳುವ ಹೆಂಗಸಲ್ಲ.

"ಏ ಮಗಾ, ನಿಮ್ಮಪ್ಪ ಹುಟ್ಟೋಕ್ಕೆ ಮುಂಚಿನಿಂದ ನಾನು ಬೆಂಕಿ ಇಟ್ಟೋಳು. ನಿನ್ನ ಯಂತ್ರಕ್ಕೆ ಬೆಂಕಿ ಅಂದ್ರೆ ಏನು ಗೊತ್ತು? ಮರ ನೋಡೋಕೆ ಬರುತ್ತಾ ನಿಂಗೆ?"

"ಅಜ್ಜಿ, ಸ್ವಲ್ಪ ಸುಮ್ಮನಿರಿ."

"ಸುಮ್ಮನಿರೋಕೆ ನಾನು ಸತ್ತಿಲ್ಲ. ಬಾ ಇಲ್ಲಿ." ಅವಳು ಹತ್ತಿರದ ಮರದ ಕಾಂಡಕ್ಕೆ ಕೈ ಇಟ್ಟಳು. ಉರಿ ಹಾದುಹೋಗುವಾಗ ಮರದ ಹಿಂಬದಿಯಲ್ಲಿ ನಾಲಿಗೆ ಮೇಲೇರುತ್ತದೆ. ಹಾಗಾಗಿ ಮಸಿ ಎತ್ತರವಾಗಿರುವ ಕಡೆ ಬೆಂಕಿ ಹೋದ ಕಡೆ, ತಗ್ಗಾಗಿರುವ ಕಡೆ ಬೆಂಕಿ ಬಂದ ಕಡೆ. ಊರಿನ ಮುದುಕರಿಗೆಲ್ಲ ಇದು ಅಂಗೈ ರೇಖೆಯಿದ್ದಂತೆ. ತಂಬಿ ಒಂದು ಮರ ನೋಡಿದಳು, ಇನ್ನೊಂದು, ಮತ್ತೊಂದು. ನೋಡುತ್ತ ನೋಡುತ್ತ ಕಾಲುವೆಯ ಅಂಚಿಗೆ ಹೋದಳು. ಅವಳ ಮಾತು ತಾನಾಗಿ ಊರ ಭಾಷೆಗೆ ಹೊರಳಿತು. ಜಾವಾದ ಹುಡುಗನಿಗೆ ಅದು ತಿಳಿಯುವುದಿಲ್ಲ.

"ಹರ್ಲಿನಾ, ನೋಡೇ. ಎಲ್ಲದರಲ್ಲೂ ಕಾಲುವೆ ಕಡೆ ಮಸಿ ತಗ್ಗು. ಬೆಂಕಿ ಕಾಲುವೆ ದಾಟಿ ಆಚೆಯಿಂದ ಬಂದಿದೆ. ಆಚೆ ಜಮೀನು ಅಂದ್ರೆ..."

ಅವಳು ತಲೆ ಎತ್ತಿದಳು. ದೆಹೆನ್‌ನ ಕೈಯಲ್ಲಿ ಕೊಳವೆ ನಿಂತುಹೋಗಿತ್ತು. ತಂಬಿ ಅವನನ್ನು ನೋಡಿದಳು, ಆಮೇಲೆ ಹರ್ಲಿನಾಳನ್ನು ನೋಡಿದಳು. ಗಿಲಾಂಗ್ ಕೆಮ್ಮಿದ.

"ಏನಂತಾರೆ ಅಜ್ಜಿ?"

ತಂಬಿ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಕಾಲುವೆಗೆ ಉಗಿದಳು. ಟೋಪಿ ತೆಗೆದು ಎದೆಗೆ ಹಿಡಿದಳು. ಅಧಿಕಾರಿಗೆ ತಿಳಿಯುವ ಭಾಷೆಯಲ್ಲಿ, ನಿಧಾನವಾಗಿ ಹೇಳಿದಳು:

"ನಾನೇ ಇಟ್ಟೆ ಮಗಾ. ಬರ್ಕೋ. ವಯಸ್ಸಾಯ್ತು. ಕೈ ತಪ್ಪಿ ಹೋಯ್ತು."

ಜೈಲಿಗೆ ಹೆದರದ ಮುದುಕಿ ಅದು. ಅವಳ ಬಳಿ ಇದ್ದ ಆಸ್ತಿ ಒಂದೇ, ತನ್ನ ಬೆಂಕಿ ಕೈ ತಪ್ಪಿಲ್ಲ ಎಂಬ ಮಾತು. ಅದನ್ನೂ ಮೂರು ಮಕ್ಕಳ ತಂದೆಯೊಬ್ಬನಿಗಾಗಿ ಕೆಸರು ಕಾಲುವೆಗೆ ಉಗಿದಿದ್ದಳು. ದೆಹೆನ್ ನೆಲ ನೋಡುತ್ತ ನಿಂತಿದ್ದ. ಬಾಯಿ ತೆರೆಯುತ್ತಾನೇನೋ ಎಂದು ಹರ್ಲಿನಾ ಕಾದಳು. ಮನಸ್ಸಿನಲ್ಲೇ ಹತ್ತು ಎಣಿಸಿದಳು. ತೆರೆಯಲಿಲ್ಲ. ಅವಳಿಗೆ ತಮ್ಮನ ಮೇಲೆ ಅಸಹ್ಯ ಹುಟ್ಟಿತು, ಅದರ ಬೆನ್ನಿಗೇ ಅಯ್ಯೋ ಅನ್ನಿಸಿತು. ಎರಡೂ ನಿಜ.

ಗಿಲಾಂಗ್ ನೆಮ್ಮದಿಯ ಉಸಿರು ಬಿಟ್ಟು ಕಾಗದ ತುಂಬಿಸಿದ. "ಬೆಂಕಿ ಹುಟ್ಟಿದ ಜಾಗ, ಬರೆದಿದ್ದೀನಿ. ಇಬು, ಇಲ್ಲೊಂದು ಸಹಿ."

ಪೆನ್ನು ಅವಳ ಕೈಗೆ ಬಂತು. ಸಹಿಯ ಗೆರೆಯ ಮೇಲೆ ಮೊನೆ ಮುಟ್ಟಿತು. ಅಲ್ಲೇ ನಿಂತಿತು.

"ಪಾಕ್" ಎಂದಳು. ಅಷ್ಟು ಚಿಕ್ಕ ಹುಡುಗನನ್ನು ಅವಳು 'ಅಪ್ಪಾ' ಎಂದು ಕರೆಯುತ್ತಿದ್ದದ್ದು ಅವನ ಸಮವಸ್ತ್ರಕ್ಕೆ. "ಚುಕ್ಕೆ ಇಲ್ಲಿ ಬಿದ್ದಿದೆ, ನಿಜ. ಬೆಂಕಿ ಇಲ್ಲಿ ಹುಟ್ಟಿಲ್ಲ."

"ಅಜ್ಜಿ ಒಪ್ಕೊಂಡ್ರಲ್ಲ?"

"ಅಜ್ಜಿ ಸುಳ್ಳು ಹೇಳ್ತಿದ್ದಾಳೆ."

"ಮುಚ್ಚೇ ಬಾಯಿ!" ತಂಬಿ ಕಿರುಚಿದಳು. "ನಾನು ನನ್ನ ಹೆಸರು ಕೊಟ್ಟೆ. ವಾಪಸ್ಸು ಕೊಡು ಅಂತ ನಿನ್ನ ಕೇಳಿದ್ನಾ?"

ಹರ್ಲಿನಾ ಫೋನು ತೆಗೆದಳು. ಹಿಂದಿನ ಸಂಜೆ ಕಂಪ್ಯೂಟರಿನಿಂದ ಇಳಿಸಿಕೊಂಡಿದ್ದ ಹೊಗೆಯ ಚಿತ್ರಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿ ತೋರಿಸಿದಳು. ಮೂರು, ಎರಡೂ ಮೂವತ್ತು, ಎರಡೂ ಹತ್ತು. ಬೆರಳಿನಿಂದ ಎಳೆಯ ಮೂತಿ ತೋರಿಸಿದಳು. ಮರಗಳ ಮಸಿ ತೋರಿಸಿದಳು. ಗಿಲಾಂಗ್ ಮರ ನೋಡಿದ, ಫೋನು ನೋಡಿದ, ಕಾಲುವೆಯ ಆಚೆ ನೋಡಿದ.

"ಆಚೆ ಜಮೀನು ಯಾರದು?"

ಅವಳು ಉತ್ತರಿಸುವ ಮೊದಲು ಹಿಂದಿನಿಂದ ಕೊಳವೆ ನೆಲಕ್ಕೆ ಬಿದ್ದ ಸದ್ದಾಯಿತು. "ನಂದು" ಎಂದ ದೆಹೆನ್. ಹೇಳಿದ್ದು ಗಿಲಾಂಗ್‌ಗೆ, ಆದರೆ ನೋಡುತ್ತಿದ್ದದ್ದು ಅಕ್ಕನನ್ನು. ಆ ನೋಟವನ್ನು ಹರ್ಲಿನಾ ಸಾಯುವವರೆಗೂ ಮರೆಯುವುದಿಲ್ಲ.

ಅವಳು ಸಹಿ ಹಾಕಿದಳು. ಆಮೇಲೆ ಪೆನ್ನು ಮರಳಿಸದೆ ಕೇಳಿದಳು: "ಅವನಿಗೆ ಹೊತ್ತು ಹೇಳಿಕೊಟ್ಟವರು ಯಾರು ಅಂತ ಬರೆಯೋಕೆ ಜಾಗ ಎಲ್ಲಿದೆ?"

"ಅಂಥ ಕಾಲಮ್ ಇಲ್ಲ ಇಬು."

"ಇಲ್ಲದಿದ್ರೆ ಕೆಳಗೆ ಬರೀತೀನಿ." ಎಂಟನೇ ಕ್ಲಾಸಿನ ದಪ್ಪ ಅಕ್ಷರದಲ್ಲಿ ಬರೆದಳು: ಉಪಗ್ರಹ ಬರುವ ಹೊತ್ತನ್ನು ಇವನಿಗೆ ಹೇಳಿದವಳು ನಾನು. ಅದಕ್ಕೇ ಇವನು ಬಿಸಿಲಲ್ಲಿ ಒಬ್ಬನೇ ಬೆಂಕಿ ಇಟ್ಟ. ಹರ್ಲಿನಾ.

ಗಿಲಾಂಗ್ ಅದನ್ನು ಎರಡು ಸಲ ಓದಿದ. "ಇದನ್ನ ತಗೊಂಡು ಹೋದ್ರೆ ನಿಮ್ಮನ್ನೂ ಕರ್ಕೊಂಡು ಹೋಗಬೇಕಾಗುತ್ತೆ."

"ದೋಣೀಲಿ ಜಾಗ ಇದೆಯಲ್ಲ" ಎಂದಳು.

ಅವಳನ್ನು ಎರಡು ದಿನ ಕೂರಿಸಿ, ಬೈದು, ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ದೆಹೆನ್‌ಗೆ ಎಂಟು ತಿಂಗಳ ಜೈಲಾಯಿತು. ಊರು ಅವಳ ಮೇಲೆ ಮುನಿಸಿಕೊಂಡಿತು. ಅವಳು ಬಂದರೆ ಮಾತು ನಿಲ್ಲುತ್ತಿತ್ತು. ತಮ್ಮನ ಹೆಂಡತಿ ಅವಳು ಕಳಿಸಿದ ಅಕ್ಕಿಯನ್ನು ಏಣಿಯ ಕೆಳಗೇ ಬಿಟ್ಟಳು. ಆ ಮಕ್ಕಳಿಗೆ ಎಂಟು ತಿಂಗಳು ಉಣ್ಣಿಸಿದವಳು ತಂಬಿ. ಅವಳೂ ಹರ್ಲಿನಾಳ ಜೊತೆ ಏಪ್ರಿಲಿನಲ್ಲಿ ಅಲ್ಲಿನ ಮಳೆಗಾಲ ಕಳೆಯುವ ತನಕ ಮಾತು ಬಿಟ್ಟಿದ್ದಳು. ಮೇ ತಿಂಗಳಲ್ಲಿ ದೆಹೆನ್ ಬಂದ. ಸೊರಗಿದ್ದ. ಅಕ್ಕನ ಮನೆಯ ಮುಂದೆಯೇ ಹಾದುಹೋದ, ತಿರುಗಿ ನೋಡಲಿಲ್ಲ. ಜೂನ್ ಹೋಯಿತು, ಜುಲೈ ಹೋಯಿತು. ಹರ್ಲಿನಾ ಮೂರು ಗಂಟೆಗೆ ನಾಲ್ಕನೇ ಮೆಟ್ಟಿಲಿನಲ್ಲಿ ಒಬ್ಬಳೇ ಕೂರುತ್ತಿದ್ದಳು. ಪಾದ್ರಿಗಳು ಕೂಡ ಮಗಳಿಗೆ ಫೋನು ಮಾಡಲು ಬೇರೆ ಹೊತ್ತು ಹುಡುಕಿಕೊಂಡಿದ್ದರು. ಎಷ್ಟೋ ಸಲ ಅವಳಿಗೆ ಅಳು ಬಂತು, ಅತ್ತಳು. ಮಾಡಿದ್ದು ತಪ್ಪು ಎಂದು ಮಾತ್ರ ಅನ್ನಿಸಲಿಲ್ಲ.

ಆಗಸ್ಟಿನ ಒಂದು ಮಧ್ಯಾಹ್ನ ಅವಳು ಮೀನು ಉಪ್ಪಿಗೆ ಹಾಕುತ್ತಿದ್ದಾಗ ಏಣಿಯಲ್ಲಿ ದಡದಡ ಸದ್ದಾಯಿತು. ಬಾಗಿಲಲ್ಲಿ ದೆಹೆನ್. ಓಡಿ ಬಂದಿದ್ದ, ಉಸಿರು ಹತ್ತುತ್ತಿರಲಿಲ್ಲ.

"ಅಕ್ಕಾ, ಹೊಗೆ. ಕಾಲುವೆ ಮೂಲೇಲಿ. ಈಗ ತಾನೇ ಎದ್ದಿದೆ, ನನ್ನ ಕಣ್ಣಾರೆ ನೋಡಿದೆ."

ಹನ್ನೊಂದು ತಿಂಗಳಲ್ಲಿ ಅವನು ಅವಳಿಗೆ ಆಡಿದ ಮೊದಲ ಮಾತು. ಅವಳ ಕೈಯಲ್ಲಿದ್ದ ಮೀನು ಬಟ್ಟಲಿಗೆ ಜಾರಿತು.

"ಯಾರ ಜಮೀನು?"

"ನನ್ನ ಭಾವಮೈದಂದು. ಅವನೇ ಇಟ್ಟಿದ್ದು. ಈಗ ಒಬ್ಬನೇ ಟವೆಲಲ್ಲಿ ಬಡೀತಿದ್ದಾನೆ, ಅಳ್ತಿದ್ದಾನೆ. ತಂಬಿ ಆಗಲೇ ಅಲ್ಲಿ ನಿಂತು ಜನಾನ ಸುತ್ತ ನಿಲ್ಲಿಸ್ತಾ ಇದ್ದಾಳೆ. ಇನ್ನೂ ಮೇಲೇ ಇದೆ ಅಕ್ಕಾ, ನೆಲದೊಳಕ್ಕೆ ಇಳಿದಿಲ್ಲ. ಪಂಪು ಬೇಕು. ಈಗ ಗಂಟೆ ಎಷ್ಟು?"

ಹರ್ಲಿನಾ ಫೋನು ನೋಡಿದಳು. "ಹನ್ನೆರಡೂ ಮುಕ್ಕಾಲು."

"ಉಪಗ್ರಹ ಬರೋದು?"

ಅವಳು ತಮ್ಮನ ಮುಖ ನೋಡಿದಳು. ಹೊತ್ತು ಯಾರಿಗೂ ಹೇಳುವುದಿಲ್ಲವೆಂದು ಮುಚ್ಚಳಿಕೆ ಕಾಗದಕ್ಕೆ ಸಹಿ ಹಾಕಿ ಬಂದವಳು ಅವಳು.

"ಒಂದೂವರೆಗೆ" ಎಂದಳು. "ಮುಕ್ಕಾಲು ಗಂಟೆ ಇದೆ. ಅಷ್ಟರೊಳಗೆ ಆರಿದ್ರೆ ಚುಕ್ಕೆ ಬೀಳಲ್ಲ. ಪಂಪು ಹೊರು, ನಾನು ದೋಣಿ ಬಿಡ್ತೀನಿ."